ಹಳೇ ಪ್ರೀಮಿಯಂ ಬಾಂಡ್‌ಗೆ ಬಹುಮಾನ ಬರಲ್ಲ ಅನ್ನೋದು ತಪ್ಪು

ಬ್ರಿಟನ್ನಿನ ಪ್ರೀಮಿಯಂ ಬಾಂಡ್ (ಬಡ್ಡಿಯ ಬದಲು ಡ್ರಾ ಎತ್ತಿ ಬಹುಮಾನ ಕೊಡುವ ಸರ್ಕಾರಿ ಉಳಿತಾಯ ಬಾಂಡ್) ಬಗ್ಗೆ ಒಂದು ಮಾತು ಹರಿದಾಡುತ್ತಿದೆ. ಹಳೆಯದನ್ನು ವಾಪಸ್ ಕೊಟ್ಟು ಹೊಸದು ಕೊಂಡರೆ ಬಹುಮಾನ ಜಾಸ್ತಿ ಬರುತ್ತದಂತೆ. ಇದು ನಿಜವಲ್ಲ.

ಇಲ್ಲಿ ಪ್ರತಿ 1 ಪೌಂಡಿಗೂ ಒಂದು ನಂಬರ್. 1957ರಿಂದ ಡ್ರಾ ನಡೆಸುತ್ತಿರುವುದು ಅರ್ನಿ ಅನ್ನುವ ಯಂತ್ರ (ಈಗಿನದು ಐದನೆಯದು). ಅದು ನಂಬರ್ ಹುಟ್ಟಿಸುತ್ತದೆ, ಅಷ್ಟೇ. ಬಾಂಡ್ ಯಾವ ವರ್ಷದ್ದು ಅಂತ ನೋಡುವುದೇ ಇಲ್ಲ.

ಮತ್ತೆ ಗೆದ್ದವುಗಳಲ್ಲಿ ಹೊಸವೇ ಜಾಸ್ತಿ ಕಾಣುತ್ತವಲ್ವಾ? ಡ್ರಾದಲ್ಲಿ ಇರುವುದೇ ಅವು ಜಾಸ್ತಿ. 1956ರಲ್ಲಿ ಒಬ್ಬರು 500 ಪೌಂಡಿನ ತನಕ ಮಾತ್ರ ಇಡಬಹುದಿತ್ತು. 2015ರಲ್ಲಿ ಆ ಮಿತಿ 50,000ಕ್ಕೆ ಏರಿತು.

ದಯವಿಟ್ಟು ಸುಮ್ನೆ ಮಾರಬೇಡಿ. ಹೊಸ ಬಾಂಡ್ ಪೂರ್ತಿ ಒಂದು ತಿಂಗಳು ಕಳೆದ ಮೇಲೆಯೇ ಡ್ರಾಗೆ ಸೇರುತ್ತದೆ. ಅಲ್ಲಿಯ ತನಕ ನಿಮ್ಮ ದುಡ್ಡಿಗೆ ಅವಕಾಶವೇ ಇರಲ್ಲ.