ಪ್ಲಾಸ್ಟಿಕ್ ಕವರಿನೊಳಗಿನ ಸ್ಕ್ಯಾನು

ಹೋದ ಸಲ ಊರಿಗೆ ಬಂದಾಗ, ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ನನ್ನ ಸೋದರಮಾವ ಕಾಫಿ ಲೋಟ ಕೆಳಗಿಡುವ ಮೊದಲೇ ಒಂದು ದೊಡ್ಡ ಪ್ಲಾಸ್ಟಿಕ್ ಕವರು ತಂದು ಕೈಗಿಟ್ಟರು. ಒಳಗೆ ಮೂರು ಎಂಆರ್‌ಐ ಫಿಲ್ಮು, ಒಂದು ಹಾಳೆಯ ರಿಪೋರ್ಟು, ರಕ್ತಪರೀಕ್ಷೆಯ ಚೀಟಿ. 'ನೀನು ಕಂಪ್ಯೂಟರ್ ಕಡೆಯೋನು, ಇದರಾಗ ಏನೈತಿ ನೋಡಿ ಹೇಳಪ್ಪಾ' ಅಂದರು. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಂಚೆಚೀಟಿಗಿಂತ ತುಸು ದೊಡ್ಡದಾದ ಬೂದು ಚೌಕಗಳು, ಸಾಲಿಗೆ ನಾಲ್ಕರಂತೆ. ಒಂದು ಚೌಕದ ಕೆಳಗಡೆ ಯಾರೋ ಮಾರ್ಕರಿನಲ್ಲಿ ಸಣ್ಣ ಸುತ್ತು ಹಾಕಿದ್ದರು. ಚೀಟಿಯಲ್ಲಿ ಪಿಎಸ್‌ಎ 11; ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಲ್ಲಿ ತೊಂದರೆಯಿದ್ದರೆ ರಕ್ತದಲ್ಲಿ ಏರುವ ಅಂಶ ಅದು. ರಿಪೋರ್ಟಿನ ಕೊನೆಯ ಸಾಲಿನಲ್ಲಿ 'ಪೈ-ರಾಡ್ಸ್ 4'. ಆ ನಾಲ್ಕು ಎಂಬುದು ಸ್ಕ್ಯಾನ್ ನೋಡಿ ಡಾಕ್ಟರು ಕೊಡುವ ಅಂಕ, ಐದರಲ್ಲಿ ನಾಲ್ಕು, ಅಪಾಯಕಾರಿ ಕ್ಯಾನ್ಸರ್ ಇರುವ ಸಂಭವ ಹೆಚ್ಚು ಅಂತ ಅರ್ಥ. ಗಡ್ಡೆ ಗ್ರಂಥಿಯ ಯಾವ ಭಾಗದಲ್ಲಿದೆ, ಎಷ್ಟು ದೊಡ್ಡದು, ಒಂದೂ ಬರೆದಿರಲಿಲ್ಲ. ಹತ್ತಿಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದ ಆ ಜೀವ ನನ್ನ ಮುಖವನ್ನೇ ನೋಡುತ್ತ ಕೂತಿತ್ತು.

ನಾನಿರುವುದು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಅಲ್ಲಿಂದ ರೈಲಿನಲ್ಲಿ ಹೆಚ್ಚು ದೂರವಿಲ್ಲದ ನೈಮೇಗನ್ ಎಂಬ ಊರಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ಆಸ್ಪತ್ರೆಯವರು ಮುಂದೆ ನಿಂತು, ಪ್ರಾಸ್ಟೇಟ್ ಎಂಆರ್‌ಐಯನ್ನು ಯಂತ್ರ, ಅಂದರೆ ಕೃತಕ ಬುದ್ಧಿಮತ್ತೆಯ (ಎಐ) ಕಂಪ್ಯೂಟರ್ ಪ್ರೋಗ್ರಾಂ, ಎಷ್ಟು ಚೆನ್ನಾಗಿ ಓದಬಲ್ಲದು ಎಂದು ದೊಡ್ಡದೊಂದು ಪರೀಕ್ಷೆ ಮಾಡಿದ್ದರು. 2024ರಲ್ಲಿ ಅದರ ಫಲಿತಾಂಶ ಬಂತು. 9,129 ಜನರ 10,207 ಸ್ಕ್ಯಾನುಗಳನ್ನು ಒಟ್ಟುಮಾಡಿ, ಬಹುಪಾಲನ್ನು ಯಂತ್ರಕ್ಕೆ ಕಲಿಸಲು ಕೊಟ್ಟು, 1,000ವನ್ನು ಪರೀಕ್ಷೆಗೆಂದು ಬೇರೆ ಎತ್ತಿಟ್ಟಿದ್ದರು. ಅದರಲ್ಲಿ 400 ಸ್ಕ್ಯಾನುಗಳನ್ನು 20 ದೇಶಗಳ 62 ರೇಡಿಯಾಲಜಿಸ್ಟರೂ ಓದಿದರು. ಯಂತ್ರವೇ ಮೇಲುಗೈ ಪಡೆಯಿತು. ಡಾಕ್ಟರುಗಳು ಹಿಡಿದಷ್ಟೇ ಕ್ಯಾನ್ಸರನ್ನು ಹಿಡಿಯುತ್ತ, 'ಇದೆ' ಎಂದು ಸುಳ್ಳೇ ಹೆದರಿಸುವುದನ್ನು ಸುಮಾರು ಅರ್ಧಕ್ಕೆ ಇಳಿಸಿತು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಮಾತು. ರೋಗಿಯ ಹಿನ್ನೆಲೆ, ಹಳೆಯ ವರದಿ, ಸಹೋದ್ಯೋಗಿಗಳ ಸಲಹೆ ಎಲ್ಲವೂ ಕೈಯಲ್ಲಿದ್ದು ಆಸ್ಪತ್ರೆಯಲ್ಲಿ ದಿನನಿತ್ಯ ಮಾಡಿದ ಓದಿನ ಜೊತೆ ಹೋಲಿಸಿದಾಗ, ಯಂತ್ರ ಅದಕ್ಕೆ ಕಡಿಮೆಯೇನಲ್ಲ ಎಂದು ಖಚಿತವಾಗಿ ಹೇಳಲು ಆಗಲಿಲ್ಲ. ರೋಗಿಯನ್ನು ಬಲ್ಲ ಡಾಕ್ಟರಿಗೆ ಅಷ್ಟು ತೂಕವಿದೆ.

ಯಂತ್ರ ಕಲಿಯುವ ಬಗೆ ನಮ್ಮ ಕಡೆಯ ಹುಡುಗರು ಕೆಲಸ ಕಲಿಯುವಂತೆಯೇ. ಗ್ರಂಥಿಯಲ್ಲಿ ಕ್ಯಾನ್ಸರ್ ಇರುವ ಕಡೆ ಜೀವಕೋಶಗಳು ಒತ್ತೊತ್ತಾಗಿರುತ್ತವೆ, ನೀರಿನ ಅಣುಗಳು ಅಲ್ಲಿ ಸಲೀಸಾಗಿ ಓಡಾಡಲಾರವು. ನೀರಿನ ಓಡಾಟವನ್ನು ಅಳೆಯುವ ಚಿತ್ರದಲ್ಲಿ ಆ ಜಾಗ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಕಪ್ಪೆಲ್ಲ ಕ್ಯಾನ್ಸರಲ್ಲ ಎಂಬುದೇ ಕಷ್ಟ. ಹಳೆಯ ಸೋಂಕು, ಬಾವು, ಪಕ್ಕದ ಗುದನಾಳದಲ್ಲಿ ತುಂಬಿದ ಗಾಳಿ, ಸೊಂಟದಲ್ಲಿ ಕೂರಿಸಿದ ಲೋಹದ ಕೀಲು, ಇವೆಲ್ಲ ಕಣ್ಣಿಗೆ ಮೋಸ ಮಾಡುತ್ತವೆ. ಯಾವುದು ಮೋಸ, ಯಾವುದು ನಿಜ ಎಂದು ಯಂತ್ರಕ್ಕೆ ಗೊತ್ತಾಗುವುದು ಒಂದೇ ದಾರಿಯಲ್ಲಿ: ಆ ಚುಕ್ಕೆಯಿಂದ ಸೂಜಿ ಹಾಕಿ ತೆಗೆದ ಚೂರು ಸೂಕ್ಷ್ಮದರ್ಶಕದ ಕೆಳಗೆ ಏನಾಗಿತ್ತು ಎಂದು ಯಾರಾದರೂ ತಿರುಗಿ ಬಂದು ಹೇಳಬೇಕು. ನೆದರ್ಲೆಂಡ್ಸ್‌ನಲ್ಲಿ ಹೇಳುವವರಿದ್ದರು. ಸ್ಕ್ಯಾನು, ಬಯಾಪ್ಸಿ, ಮುಂದಿನ ವರ್ಷಗಳ ತಪಾಸಣೆ, ಎಲ್ಲ ಒಂದೇ ಕಡತದಲ್ಲಿದ್ದವು. ಪರೀಕ್ಷೆಗಿಟ್ಟ ಸ್ಕ್ಯಾನುಗಳ ಉತ್ತರವನ್ನು ಕನಿಷ್ಠ ಮೂರು ವರ್ಷದ ಮಾಹಿತಿ ನೋಡಿ ನಿರ್ಧರಿಸಿದ್ದರು.

ದಾವಣಗೆರೆಯಲ್ಲಿ ಏನಾಗುತ್ತದೆ? ಸ್ಕ್ಯಾನ್ ಒಂದು ಕಡೆ, ಯೂರಾಲಜಿಸ್ಟ್ ಇನ್ನೊಂದು ಕಡೆ, ಬಯಾಪ್ಸಿ ಚೂರು ಮೂರನೆಯ ಲ್ಯಾಬಿಗೆ, ಕ್ಯಾನ್ಸರ್ ಎಂದಾದರೆ ಮುಂದಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿಗೋ ಮಣಿಪಾಲಕ್ಕೋ ರಾತ್ರಿ ಬಸ್ಸು. ಇವೆಲ್ಲವನ್ನೂ ಕೂಡಿಸುವುದು ಆ ಪ್ಲಾಸ್ಟಿಕ್ ಕವರು, ಅದನ್ನು ಬಗಲಲ್ಲಿಟ್ಟುಕೊಂಡು ಅಲೆಯುವ ರೋಗಿ. 'ನಾಲ್ಕು' ಎಂದು ಬರೆದ ಡಾಕ್ಟರಿಗೆ ತಾವು ಬರೆದದ್ದು ಸರಿಯೋ ತಪ್ಪೋ ಎಂದು ಯಾರೂ ಹೇಳುವುದಿಲ್ಲ. ಹೇಳದಿದ್ದರೆ ಅವರಾದರೂ ಹೇಗೆ ಕಲಿತಾರು, ಯಂತ್ರವಾದರೂ ಹೇಗೆ ಕಲಿತೀತು?

ಇಷ್ಟು ಹೇಳಿದ ಮೇಲೆ ಊರಿನ ಪರವಾಗಿಯೂ ಹೇಳಬೇಕು, ಯಾಕೆಂದರೆ ಅದೂ ನಿಜ. ಮಾವನಿಗೆ ಪಿಎಸ್‌ಎ ಜಾಸ್ತಿ ಬಂದದ್ದು ಸೋಮವಾರ, ಸ್ಕ್ಯಾನ್ ಆದದ್ದು ಬುಧವಾರ, ಸಂಜೆಗೆ ರಿಪೋರ್ಟು ಕೈಯಲ್ಲಿತ್ತು. ನಾನಿರುವ ಐಂಡ್‌ಹೋವನ್‌ನಲ್ಲಿ ಮೊದಲು ಮನೆ ಡಾಕ್ಟರ ಬಳಿ ಹೋಗಬೇಕು, ಅವರ ಚೀಟಿ ಇಲ್ಲದೆ ತಜ್ಞರು ನೋಡುವುದಿಲ್ಲ, ಆಮೇಲೆ ಸರದಿ. ವಿಮೆ ಇದ್ದರೂ ವರ್ಷಕ್ಕೆ 385 ಯೂರೋ ತನಕ ನಾವೇ ಕಟ್ಟಬೇಕು. ಇನ್ನು, ಸ್ಕ್ಯಾನು ರೋಗಿಯ ಸ್ವತ್ತಾಗಿ ಅವನ ಮನೆಯಲ್ಲೇ ಇರುವುದು ನನಗೆ ಬಹಳ ಇಷ್ಟವಾದ ಪದ್ಧತಿ. ಯಾವ ಡಾಕ್ಟರ ಮುಂದೆ ಬೇಕಾದರೂ ಬಿಚ್ಚಿ ತೋರಿಸಬಹುದು. ಕೊರತೆ ಒಂದೇ, ಫಿಲ್ಮಿನ ಮೇಲಿನ ಚೌಕವನ್ನು ಈ ಯಂತ್ರಗಳು ಓದಲಾರವು. ಅವಕ್ಕೆ ಮೂಲ ಡಿಜಿಟಲ್ ಚಿತ್ರ ಬೇಕು. ಹಾಗಾಗಿ ಸ್ಕ್ಯಾನ್ ಮಾಡಿಸುವ ಪ್ರತಿಯೊಬ್ಬರೂ ಫಿಲ್ಮಿನ ಜೊತೆಗೆ ಸಿಡಿ ಅಥವಾ ಪೆನ್‌ಡ್ರೈವಿನಲ್ಲಿ ಚಿತ್ರಗಳನ್ನು ಕೇಳಿ ಪಡೆಯಿರಿ ಎಂದು ಕೈಮುಗಿದು ಹೇಳುತ್ತೇನೆ.

ವಿದೇಶದಲ್ಲಿ ಕಲಿತ ಯಂತ್ರವನ್ನು ಹಾಗೇ ತಂದು ಹಾಕಿದರಾಯಿತಲ್ಲ ಎನ್ನುವ ಗೆಳೆಯರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಆ ಸ್ಕ್ಯಾನುಗಳು ಬಂದದ್ದು ನೆದರ್ಲೆಂಡ್ಸ್ ಮತ್ತು ನಾರ್ವೆಯ ಗಂಡಸರಿಂದ. ಅಲ್ಲಿ ಕ್ಷಯ ಬಲು ಅಪರೂಪ. ನಮ್ಮಲ್ಲಿ ಟಿಬಿ ಪ್ರಾಸ್ಟೇಟಿಗೂ ಇಳಿಯುವುದುಂಟು, ಇಳಿದಾಗ ಎಂಆರ್‌ಐಯಲ್ಲಿ ಥೇಟ್ ಕ್ಯಾನ್ಸರಿನಂತೆಯೇ ಕಾಣಬಲ್ಲದು. ಅದನ್ನು ಕಂಡೇ ಇರದ ಯಂತ್ರ ಕ್ಯಾನ್ಸರ್ ಎಂದೇ ಹೇಳೀತು.

ನಮ್ಮ ಸ್ಕ್ಯಾನುಗಳ ಜೊತೆ ಬಯಾಪ್ಸಿಯ ಉತ್ತರವನ್ನೂ ನಾವೇ ಕೂಡಿಸಿಡಬೇಕು. ದಾವಣಗೆರೆಗೆ ಇದು ಕೈಗೆಟುಕದ ಕೆಲಸವೇನಲ್ಲ. 1965ರಲ್ಲಿ ಶುರುವಾದ ಜೆಜೆಎಂ ವೈದ್ಯಕೀಯ ಕಾಲೇಜು ಇದೆ, ಅದೇ ವಿದ್ಯಾಸಂಸ್ಥೆಯ ಎಸ್‌ಎಸ್ ವೈದ್ಯಕೀಯ ಕಾಲೇಜೂ ಇದೆ. ರೇಡಿಯಾಲಜಿ, ಪೆಥಾಲಜಿ ಎರಡರಲ್ಲೂ ಓದುವ ಮಕ್ಕಳಿದ್ದಾರೆ. ಜಗಳೂರು, ಹರಪನಹಳ್ಳಿ, ಚನ್ನಗಿರಿಯಿಂದ ರೋಗಿಗಳು ಬರುತ್ತಾರೆ. ಒಂದು ದಪ್ಪ ರಿಜಿಸ್ಟರಿನಿಂದ ಶುರುಮಾಡಿದರೂ ಸಾಕು: ಸ್ಕ್ಯಾನಿನಲ್ಲಿ ಚುಕ್ಕೆ ಎಲ್ಲಿತ್ತು, ಎಷ್ಟು ಅಂಕ ಕೊಟ್ಟೆವು, ಸೂಜಿಯ ಚೂರು ಏನು ಹೇಳಿತು, ಎರಡು ವರ್ಷದ ಮೇಲೆ ಆ ಮನುಷ್ಯ ಹೇಗಿದ್ದಾನೆ. ಒಪ್ಪಿಗೆ ಪತ್ರ ಅಚ್ಚ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಓದಿ ಹೇಳಲಿ. ನಮ್ಮವರು ಇಲ್ಲ ಎನ್ನುವುದಿಲ್ಲ. 'ನನ್ನದರಿಂದ ಇನ್ನೊಬ್ಬರಿಗೆ ಅನುಕೂಲ ಆಗ್ತೈತಿ ಅಂದ್ರ ತಗೊಳ್ಳಲಿ ಬಿಡು' ಎಂದು ಮಾವ ಅಂದದ್ದನ್ನು ನಾನೇ ಕೇಳಿದ್ದೇನೆ.

ಮಾವನ ಬಯಾಪ್ಸಿ ರಿಪೋರ್ಟು ನಾನು ವಾಪಸ್ ಹೋದ ಮೇಲೆ ಬಂತು. ಕ್ಯಾನ್ಸರ್ ಇರಲಿಲ್ಲ. ಟಿಬಿಯಲ್ಲಿ ಕಾಣುವಂಥ ಗಂಟುಗಳ ಉರಿಯೂತ, ಮುಂದಿನ ಪರೀಕ್ಷೆ ಆಗಲಿ ಎಂದು ಬರೆದಿದ್ದರು. ಅದರ ಒಂದು ಜೆರಾಕ್ಸ್ ಮಾಡಿಸಿ, ಸ್ಕ್ಯಾನ್ ಓದಿದ ಡಾಕ್ಟರಿಗೇ ಕೊಟ್ಟು ಬನ್ನಿ ಎಂದು ಫೋನಿನಲ್ಲಿ ಬೇಡಿಕೊಂಡೆ. ಮಾವ ಹೋದರು. ಸಂಜೆ ಫೋನು ಬಂತು. 'ಕುಂದ್ರಿ ಅಂದ್ರು. ನನ್ನ ಹಳೇ ಸ್ಕ್ಯಾನು ಕಂಪ್ಯೂಟರಿನಾಗ ತೆಗೆದು, ಆ ಕಾಗದ ಪಕ್ಕಕ್ಕಿಟ್ಕೊಂಡು ಹತ್ತು ನಿಮಿಷ ನೋಡಿದ್ರು ನೋಡು. ಆಮ್ಯಾಲೆ ಇನ್ನೊಬ್ಬ ಹುಡುಗ ಡಾಕ್ಟ್ರನ್ನೂ ಕರೆದು ತೋರಿಸಿದ್ರು.'