ಹುಡುಗರು ಬರ್ತಿಲ್ಲವಂತೆ!

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಊರಿಗೊಂದು ಬ್ಯಾಪ್ಟಿಸ್ಟ್ ಪಂಗಡದ ಚರ್ಚ್ ಅಂದರೆ ಕಡಿಮೆಯಾಯ್ತು, ಕೆಲವು ಕಡೆ ಬೀದಿಗೇ ಎರಡಿರುತ್ತವೆ. ಯಾರ ಮಾತನ್ನೂ ಯಾರೂ ಕೇಳಬೇಕಿಲ್ಲ, ತಲೆ ಮೇಲೆ ಬಿಷಪ್ ಇಲ್ಲ. ಆದರೂ ಅಕ್ಕಪಕ್ಕದ ಚರ್ಚ್‌ಗಳು ಸೇರಿ ಒಂದು ಅಸೋಸಿಯೇಷನ್ ಕಟ್ಟಿಕೊಳ್ಳುತ್ತವೆ. ಅಮೆರಿಕದಲ್ಲಿ ಇದು 1707ರಲ್ಲಿ ಫಿಲಡೆಲ್ಫಿಯಾದಲ್ಲಿ ಐದು ಚರ್ಚ್‌ಗಳು ಸೇರಿ ಹಾಕಿದ ಪದ್ಧತಿ. ಇಂಥ ಚರ್ಚ್‌ಗಳ ದೇಶಮಟ್ಟದ ಒಕ್ಕೂಟ, ದೊಡ್ಡ ಹೆಸರಿನ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಹುಟ್ಟಿದ್ದೇ 1845ರಲ್ಲಿ, ಲೆಕ್ಕ ಹಾಕಿದರೆ ಅಸೋಸಿಯೇಷನ್ ಅದಕ್ಕೆ ಅಜ್ಜಿ. ಈಗ ಅಜ್ಜಿ ಮನೆಯ ಗೋಳು ಒಂದೇ: ಹುಡುಗ ಪಾಸ್ಟರ್‌ಗಳು ಬರ್ತಾನೇ ಇಲ್ಲ.

ಬರೋದು ಹೇಗೆ ಸ್ವಾಮಿ? ಸಭೆ ಇಟ್ಟಿರೋದು ಮಂಗಳವಾರ ಬೆಳಗ್ಗೆ ಹತ್ತಕ್ಕೆ. ಚಿಕ್ಕ ಚರ್ಚ್ ಕೊಡೋ ಸಂಬಳದಲ್ಲಿ ಸಂಸಾರ ಸಾಗಲ್ಲ ಅಂತ ಆ ಹುಡುಗ ಶಾಲೆಯಲ್ಲಿ ಪಾಠ ಮಾಡುತ್ತಿರುತ್ತಾನೆ, ಇಲ್ಲಾ ಪಾರ್ಸೆಲ್ ವ್ಯಾನ್ ಓಡಿಸುತ್ತಿರುತ್ತಾನೆ.

ರಜೆ ಹಾಕಿ ಬಂದ ಅಂತಲೇ ಇಟ್ಟುಕೊಳ್ಳಿ. ಮೊದಲು ಹೋದ ವರ್ಷದ ನಡಾವಳಿ. ಆಮೇಲೆ ಸೂಚಿಸಿದೆ, ಅನುಮೋದಿಸಿದೆ, ತಿದ್ದುಪಡಿ, ತಿದ್ದುಪಡಿಗೆ ಇನ್ನೊಂದು ತಿದ್ದುಪಡಿ. ಎಲ್ಲಾ ರಾಬರ್ಟ್ಸ್ ರೂಲ್ಸ್ ಪ್ರಕಾರ. 1863ರಲ್ಲಿ ಹೆನ್ರಿ ರಾಬರ್ಟ್ ಅನ್ನೋ ಸೇನೆಯ ಇಂಜಿನಿಯರ್ ನ್ಯೂ ಬೆಡ್‌ಫರ್ಡ್‌ನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಒಂದು ಸಭೆಗೆ ಅಧ್ಯಕ್ಷನಾಗಿ ಕೂತು, ನಡೆಸೋಕೆ ಬಾರದೆ ಪೇಚಿಗೆ ಸಿಕ್ಕು, 1876ರಲ್ಲಿ ನಿಯಮಗಳ ಪುಸ್ತಕವನ್ನೇ ಹೊರಡಿಸಿಬಿಟ್ಟ. ಅವತ್ತಿನ ಅವನ ಮುಜುಗರಕ್ಕೆ ಇವರು ಇನ್ನೂ ಕಂತು ಕಟ್ಟುತ್ತಿದ್ದಾರೆ.

ಹುಡುಗರೂ ಸಾಚಾ ಅಲ್ಲ ಬಿಡಿ. ನ್ಯಾಶ್‌ವಿಲ್‌ನ ಸಮ್ಮೇಳನಕ್ಕೆ ಸಾಲ ಮಾಡಿಯಾದರೂ ವಿಮಾನ ಹತ್ತುವವರಿಗೆ ಎದುರು ರಸ್ತೆಯ ಮುದಿ ಪಾಸ್ಟರ್ ಹೆಸರು ಗೊತ್ತಿರಲ್ಲ.

ಹಿರಿಯರು ಮಾತ್ರ ಸುಮ್ನೆ ಕೂತಿಲ್ಲ. ಅಸೋಸಿಯೇಷನ್ ನಡೆಸುವವರನ್ನು 'ಡೈರೆಕ್ಟರ್ ಆಫ್ ಮಿಷನ್ಸ್' ಅನ್ನುತ್ತಿದ್ದರು. 2018ರಿಂದೀಚೆಗೆ 'ಅಸೋಸಿಯೇಷನಲ್ ಮಿಷನ್ ಸ್ಟ್ರಾಟೆಜಿಸ್ಟ್' ಅನ್ನೋ ಹೊಸ ಹೆಸರು ಓಡಾಡುತ್ತಿದೆ. ಕುರ್ಚಿ ಅದೇ, ಕೂತವರೂ ಅವರೇ, ವಿಸಿಟಿಂಗ್ ಕಾರ್ಡ್‌ನಲ್ಲಿ ಜಾಗ ಮಾತ್ರ ಜಾಸ್ತಿ ಬೇಕು.

ಊಟಕ್ಕೆ ಮೋಸವಿಲ್ಲ. ಫ್ರೈಡ್ ಚಿಕನ್, ಬೀನ್ಸ್ ಕ್ಯಾಸರೋಲ್, ಪಾಯಸದಷ್ಟು ಸಿಹಿಯಾದ ಐಸ್ ಟೀ. ತಟ್ಟೆ ಎತ್ತಿದ ಮೇಲೆ ಹಿರಿಯರೆಲ್ಲ ಮತ್ತೆ ಸಭೆಗೆ ಹೋಗುತ್ತಾರೆ, ಹೋಗುತ್ತಾ ಒಬ್ಬರು ಹುಡುಗನ ಬೆನ್ನು ತಟ್ಟಿ, "ತಮ್ಮಾ, ನಿನ್ನ ರಟ್ಟೇಲಿ ಶಕ್ತಿ ಇದೆ" ಅಂತ ಊಟದ ಹಾಲಿನ ಮಡಿಸೋ ಕುರ್ಚಿಗಳ ಕಡೆ ಕೈ ತೋರಿಸುತ್ತಾರೆ. ಅವನು ಅಷ್ಟನ್ನೂ ಮಡಿಸಿ, ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು ಬರುವಷ್ಟರಲ್ಲಿ ಒಳಗೆ 'ಯುವಕರು ಯಾಕೆ ಬರುತ್ತಿಲ್ಲ' ಸಮಿತಿ ರಚನೆಯಾಗಿ, ಅವನೇ ಅಧ್ಯಕ್ಷ ಅಂತ ನಡಾವಳಿಯಲ್ಲಿ ಬರೆದಾಗಿರುತ್ತದೆ. ಉಳಿದ ನಾಲ್ವರು ಸದಸ್ಯರು ಮೊಮ್ಮಕ್ಕಳ ಫೋಟೋ ತೋರಿಸಿಕೊಳ್ಳುತ್ತಾ ಕೂತಿರುತ್ತಾರೆ.

ಸಮಿತಿಯ ಮೊದಲ ಸಭೆ ಯಾವಾಗ ಅಂದಿರಾ? ಮಂಗಳವಾರ, ಬೆಳಗ್ಗೆ ಹತ್ತಕ್ಕೆ.