ನಾಯಿ ಎತ್ತಿಕೊಂಡವರ ತಲೆಗೇ ಎಲ್ಲಾ ಭಾರ ಯಾಕೆ?

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ರಸ್ತೆ ಪಕ್ಕ ಒಂದು ನಾಯಿ ಹಿಂಗಾಲು ಎಳೆದುಕೊಂಡು ಹೋಗುತ್ತಿದ್ದರೆ ನಾಲ್ಕು ಜನ ನಿಂತು ನೋಡುತ್ತಾರೆ, ಯಾರೋ ಒಬ್ಬರು ಬಿಸ್ಕತ್ತು ಹಾಕುತ್ತಾರೆ, ಇನ್ನೊಬ್ಬರು ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಕಳಿಸುತ್ತಾರೆ. ಎತ್ತಿಕೊಂಡು ಹೋಗುವವರು ಕಡಿಮೆ. ನಮ್ಮ ಜನಕ್ಕೆ ಕರುಣೆ ಇಲ್ಲ ಎಂದು ಬೈಯುವವರನ್ನು ನಾನು ಒಪ್ಪುವುದಿಲ್ಲ. ಎತ್ತಿಕೊಂಡ ಗಳಿಗೆಯಿಂದ ಡಾಕ್ಟರ್ ಬಿಲ್ಲು, ಊಟ, ಅಪಾರ್ಟ್‌ಮೆಂಟಿನವರ ಜಗಳ, ಊರಿಗೆ ಹೋಗುವಾಗ ಯಾರ ಹತ್ತಿರ ಬಿಡುವುದು ಎಂಬ ಚಿಂತೆ, ಮುಂದಿನ ಹತ್ತು ವರ್ಷ, ಎಲ್ಲಾ ಎತ್ತಿಕೊಂಡವರದೇ. ಇದು ಗೊತ್ತಿರುವುದರಿಂದಲೇ ಒಳ್ಳೆಯ ಮನಸ್ಸಿನವರೂ ಹಿಂದೆ ಸರಿಯುತ್ತಾರೆ.

ನಾನು ರಾಣೆಬೆನ್ನೂರಿನವನು. ಈಗ ಇರುವುದು ಟೆಕ್ಸಾಸ್‌ನಲ್ಲಿ, ಹ್ಯೂಸ್ಟನ್ ಪಕ್ಕ. ನಮ್ಮ ಮನೆಯಲ್ಲಿ ಪೆನ್ನಿ ಅಂತ ಒಂದು ಹೆಣ್ಣು ನಾಯಿ ಇದೆ. ಅದು ನಮ್ಮದಲ್ಲ, ದಿಕ್ಕಿಲ್ಲದ ನಾಯಿಗಳನ್ನು ಉಳಿಸುವ ಇಲ್ಲಿನ ಒಂದು ಸಣ್ಣ ರೆಸ್ಕ್ಯೂ ಗುಂಪಿನದು. ನಾವು ಅದರ ಫಾಸ್ಟರ್‌ಗಳು, ಅಂದರೆ ಕಾಯಂ ಮನೆ ಸಿಗುವ ತನಕ ಸಾಕುವವರು. ನೋಡಿದರೆ ಮುಕ್ಕಾಲು ಪಾಲು ಜರ್ಮನ್ ಶೆಫರ್ಡ್, ಉಳಿದದ್ದು ಏನೋ. ಇನ್ನೂ ಎರಡು ವರ್ಷ ತುಂಬಿಲ್ಲ. ಆದರೆ ಎರಡೂ ಕಡೆಯ ಸೊಂಟದ ಕೀಲು ಕೆಟ್ಟಿವೆ.

ಇದಕ್ಕೆ ಹಿಪ್ ಡಿಸ್‌ಪ್ಲೇಸಿಯಾ ಎನ್ನುತ್ತಾರೆ. ತೊಡೆ ಮೂಳೆಯ ಮೇಲ್ತುದಿ ಗುಂಡಗಿರುತ್ತದೆ. ಅದು ಸೊಂಟದ ಮೂಳೆಯ ಗುಳಿಯಲ್ಲಿ ಬಿಗಿಯಾಗಿ ಕೂರಬೇಕು. ಇಲ್ಲಿ ಕೂರುವುದಿಲ್ಲ. ಸಡಿಲ ಇರುತ್ತದೆ, ಉಜ್ಜುತ್ತದೆ, ಸವೆಯುತ್ತದೆ, ಆಮೇಲೆ ಕೀಲುನೋವು ಕಾಯಂ ಆಗಿ ನಿಲ್ಲುತ್ತದೆ. ಬಹಳ ಮಟ್ಟಿಗೆ ಇದು ತಂದೆತಾಯಿಯಿಂದ ಬರುವುದು, ಮರಿಯಾಗಿದ್ದಾಗ ಜಾಸ್ತಿ ತಿನ್ನಿಸಿ ಬೇಗ ದಪ್ಪ ಮಾಡಿದರೆ ಇನ್ನೂ ಕೆಡುತ್ತದೆ. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ರಾಟ್‌ವೈಲರ್, ಹೀಗೆ ನಮ್ಮೂರಲ್ಲಿ ಜನ ಆಸೆಪಟ್ಟು ದುಡ್ಡು ಕೊಟ್ಟು ತರುವ ತಳಿಗಳಲ್ಲೇ ಇದು ಜಾಸ್ತಿ. ಪೆನ್ನಿ ಬಂದಾಗ ಓಡುವಾಗ ಎರಡೂ ಹಿಂಗಾಲು ಒಟ್ಟಿಗೆ ಎತ್ತಿ ಮೊಲದ ಹಾಗೆ ಕುಪ್ಪಳಿಸುತ್ತಿತ್ತು. ನೋಡಿದವರು ಮುದ್ದಾಗಿದೆ ಎನ್ನುತ್ತಿದ್ದರು. ಅದು ನೋವು ತಪ್ಪಿಸಿಕೊಳ್ಳುವ ಓಟ.

ಎಕ್ಸ್‌ರೇಯಲ್ಲಿ ಕೀಲು ಕೆಟ್ಟಿದ್ದ ಮಾತ್ರಕ್ಕೆ ಆಪರೇಷನ್ ಬೇಕೇ ಬೇಕು ಅಂತೇನಿಲ್ಲ. ತೂಕ ಇಳಿಸಿ, ಹದವಾಗಿ ನಡೆಸಿ, ಡಾಕ್ಟರ್ ಕೊಟ್ಟ ನೋವಿನ ಮಾತ್ರೆ ಹಾಕಿದರೆ ಎಷ್ಟೋ ನಾಯಿಗಳು ಚೆನ್ನಾಗಿ ಬದುಕುತ್ತವೆ. (ಡಾಕ್ಟರ್ ಕೊಟ್ಟದ್ದು ಮಾತ್ರ. ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಗೆ ವಿಷ. ದಯವಿಟ್ಟು ಹಾಕಬೇಡಿ.) ಪೆನ್ನಿಗೆ ಇದೆಲ್ಲ ಮಾಡಿ ನೋಡಿದ್ದಾಯಿತು. ಬಲಗಾಲು ನೆಲಕ್ಕೆ ಊರುವುದನ್ನೇ ಬಿಟ್ಟಾಗ ಆಪರೇಷನ್ ಮಾತು ಬಂತು.

ಎರಡು ದಾರಿ ಇದ್ದವು. ಒಂದು, ಮನುಷ್ಯರಿಗೆ ಮಾಡುವ ಹಾಗೆ ಇಡೀ ಕೀಲು ಬದಲಿಸಿ ಲೋಹದ ಕೀಲು ಹಾಕುವುದು. ಅದನ್ನು ಪರಿಣತ ಸರ್ಜನ್ನರೇ ಮಾಡಬೇಕು, ಒಂದು ಕಡೆಗೆ ಸಾಮಾನ್ಯವಾಗಿ 5,000ದಿಂದ 8,000 ಡಾಲರ್. ಇನ್ನೊಂದು ಎಫ್‌ಎಚ್‌ಒ. ತೊಡೆ ಮೂಳೆಯ ಆ ಗುಂಡನ್ನೇ ಕತ್ತರಿಸಿ ತೆಗೆಯುವುದು. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಮೂಳೆಗೆ ಮೂಳೆ ಉಜ್ಜುವುದು ನಿಂತು ಹೋಗುತ್ತದೆ, ಸುತ್ತಲಿನ ಸ್ನಾಯುಗಳೂ ಹೊಸದಾಗಿ ಬೆಳೆಯುವ ನಾರಿನಂಥ ಅಂಗಾಂಶವೂ ಸೇರಿ ಕಾಲನ್ನು ಹಿಡಿದಿಟ್ಟುಕೊಳ್ಳುತ್ತವೆ. ಇದಕ್ಕೆ ಸುಮಾರು 2,000ದಿಂದ 4,000 ಡಾಲರ್. ಚಿಕ್ಕ ನಾಯಿಗಳಿಗೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ, ದೊಡ್ಡ ನಾಯಿಗಳಲ್ಲಿ ಫಲ ಅಷ್ಟು ಖಚಿತ ಅಲ್ಲ. ಪೆನ್ನಿ ದೊಡ್ಡ ನಾಯಿಯೇ. ಸರ್ಜನ್ ಮೊದಲನೆಯದೇ ಒಳ್ಳೆಯದು ಅಂದರು. ರೆಸ್ಕ್ಯೂ ಗುಂಪಿನವರು ಕೂತು ಮಾತಾಡಿ ಎರಡನೆಯದು ಅಂದರು. ಉಳಿದ ದುಡ್ಡಿನಲ್ಲಿ ಬೇರೆ ನಾಯಿಗಳನ್ನು ಉಳಿಸಬಹುದು ಎನ್ನುವುದು ಅವರ ಲೆಕ್ಕ. ನನಗೆ ಬೇಜಾರಾಯಿತು, ಆದರೆ ಆ ನಿರ್ಧಾರ ಸರಿ ಅಂತಲೇ ನನ್ನ ಅನಿಸಿಕೆ.

ಇಲ್ಲಿಯೇ ನಾನು ಹೇಳಬೇಕಾದ ವಿಷಯ ಇರುವುದು. ಆ ನಿರ್ಧಾರ ನನ್ನದಾಗಿರಲಿಲ್ಲ. ಕಾಗದದ ಮೇಲೆ ನಾಯಿ ಗುಂಪಿನದು, ಗುರುತಿಗೆ ಅದರ ಚರ್ಮದಡಿ ಹಾಕಿದ ಮೈಕ್ರೋಚಿಪ್ ಅವರ ಹೆಸರಲ್ಲಿದೆ, ಬಿಲ್ಲು ಅವರದು. ಆ ದುಡ್ಡು ಹತ್ತು ಡಾಲರ್, ಇಪ್ಪತ್ತು ಡಾಲರ್ ಹಾಕುವ ಎಷ್ಟೋ ಜನರಿಂದ ಬರುತ್ತದೆ. ನಮ್ಮದು ಜಾಗ, ಸಮಯ, ಪ್ರೀತಿ. ನಾವು ಭಾರತಕ್ಕೆ ಹೊರಟರೆ ಇನ್ನೊಬ್ಬ ಫಾಸ್ಟರ್ ಮನೆಗೆ ಹೋಗುತ್ತದೆ. ದತ್ತು ತೆಗೆದುಕೊಳ್ಳುವವರು ಸಹಿ ಹಾಕುವ ಕಾಗದದಲ್ಲಿ, ಸಾಕಲು ಆಗದಿದ್ದರೆ ವಾಪಸ್ ಗುಂಪಿಗೇ ತಂದುಕೊಡಬೇಕು ಎಂದು ಬರೆದಿರುತ್ತದೆ. ಒಬ್ಬರು ರಸ್ತೆಯಿಂದ ಎತ್ತುತ್ತಾರೆ, ಒಬ್ಬರು ದುಡ್ಡು ಹೊಂದಿಸುತ್ತಾರೆ, ಒಬ್ಬರು ಗಾಡಿಯಲ್ಲಿ ಆಸ್ಪತ್ರೆಗೆ ಒಯ್ಯುತ್ತಾರೆ, ಒಬ್ಬರು ಮನೆ ಕೊಡುತ್ತಾರೆ. ಯಾರ ಬೆನ್ನೂ ಮುರಿಯುವುದಿಲ್ಲ.

ಹಾಗಂತ ಅಮೆರಿಕದಲ್ಲಿ ಎಲ್ಲಾ ಚೆನ್ನ ಅಂತ ಹೇಳಲು ನಾನು ಬಂದಿಲ್ಲ. ಅವ್ವ ಆರು ತಿಂಗಳಿಗೆ ಅಂತ ಬಂದಿದ್ದರು. ಸಂಜೆ ವಾಕಿಂಗ್‌ನಲ್ಲಿ ಕೇಳಿದರು, “ಯಾಕಪಾ, ಇಲ್ಲಿ ಓಣ್ಯಾಗ ಒಂದೂ ನಾಯಿ ಕಾಣಂಗಿಲ್ಲಲ್ಲ, ಎಲ್ಲಿ ಹೋದುವು?” ಅವರ ಮನೆದೇವರು ಮೈಲಾರಲಿಂಗ. ದೇವರಗುಡ್ಡದ ಜಾತ್ರೆಯಲ್ಲಿ ಕಂಬಳಿ ಹೊದ್ದು ನಾಯಿಯ ಹಾಗೆ ಬೊಗಳುವ ವಗ್ಗಯ್ಯಗಳಿಗೆ ಕೈ ಮುಗಿದು ಬೆಳೆದವರು, ದಿನಾ ಊಟ ಆದ ಮೇಲೆ ಓಣಿಯ ನಾಯಿಗೆ ಒಂದು ರೊಟ್ಟಿ ಹಾಕದೆ ಮಲಗಿದವರಲ್ಲ. ಅವರ ಪ್ರಶ್ನೆಗೆ ಇರುವ ಉತ್ತರ ಚೆನ್ನಾಗಿಲ್ಲ. ಯಜಮಾನ ಇಲ್ಲದ ನಾಯಿಗೆ ಇಲ್ಲಿ ಬೀದಿಯಲ್ಲಿ ಬದುಕುವ ಹಕ್ಕಿಲ್ಲ. ಹ್ಯೂಸ್ಟನ್‌ನ ಬಡವರ ಏರಿಯಾಗಳಲ್ಲಿ ಬೀದಿ ನಾಯಿ ಇವೆ, ಬೇಕಾದಷ್ಟಿವೆ, ಆದರೆ ಹಿಡಿದರೆ ಶೆಲ್ಟರ್‌ಗೆ, ಅಂದರೆ ಪ್ರಾಣಿಗಳ ಆಶ್ರಯ ಕೇಂದ್ರಕ್ಕೆ. ಅಲ್ಲಿ ಕೆಲವು ದಿನ ಕಾಯುತ್ತಾರೆ. ಯಾರೂ ಬರದಿದ್ದರೆ, ಜಾಗ ಇಲ್ಲದಿದ್ದರೆ, ಇಂಜೆಕ್ಷನ್. ಎಎಸ್‌ಪಿಸಿಎ ಎಂಬ ಇಲ್ಲಿನ ಪ್ರಾಣಿದಯಾ ಸಂಸ್ಥೆಯ 2019ರ ಅಂದಾಜಿನ ಪ್ರಕಾರ ಈ ದೇಶದ ಶೆಲ್ಟರ್‌ಗಳಲ್ಲಿ ಆಗ ವರ್ಷಕ್ಕೆ ಹೀಗೆ ಸಾಯಿಸುತ್ತಿದ್ದ ಪ್ರಾಣಿಗಳು ಸುಮಾರು 9,20,000, ಅವುಗಳಲ್ಲಿ ನಾಯಿಗಳೇ 3,90,000. ಸೊಂಟ ಕೆಟ್ಟ ದೊಡ್ಡ ನಾಯಿಯನ್ನು ಯಾರು ಬೇಗ ಒಯ್ಯುತ್ತಾರೆ ಹೇಳಿ? ಪೆನ್ನಿಯನ್ನೂ ಅಂಥ ಕಡೆಯಿಂದಲೇ ತಂದದ್ದು. ಅದರ ಹಳೆಯ ಮನೆಯವರು ಚಿಕಿತ್ಸೆಯ ಖರ್ಚಿಗೆ ಹೆದರಿ ಬಿಟ್ಟು ಹೋಗಿದ್ದರಂತೆ. ಸಾಕುಪ್ರಾಣಿ ವಿಮೆ ಇದೆ, ಆದರೆ ಮೊದಲೇ ಇದ್ದ ಕಾಯಿಲೆಗೆ ಅದು ಬರುವುದಿಲ್ಲ.

ನಮ್ಮಲ್ಲಿ ಇದಕ್ಕೆ ತದ್ವಿರುದ್ಧ. 2001ರ ನಿಯಮ, ಅದರ ಜಾಗಕ್ಕೆ ಬಂದ 2023ರ ಪ್ರಾಣಿ ಜನನ ನಿಯಂತ್ರಣ ನಿಯಮ, ಎರಡೂ ಹೇಳುವುದು ಒಂದೇ: ಬೀದಿ ನಾಯಿಗೆ ಸಂತಾನಹರಣ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಿ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ನಾಯಿಗಳನ್ನೆಲ್ಲ ಶೆಲ್ಟರ್‌ಗೆ ಹಾಕಿ ಎಂದು ಹೇಳಿ, ಅದೇ ತಿಂಗಳಲ್ಲಿ ಅದನ್ನು ಸಡಿಲಿಸಿ, ರೇಬಿಸ್ ಇರುವ ಮತ್ತು ಮೈಮೇಲೆ ಬೀಳುವ ನಾಯಿಗಳನ್ನು ಬಿಟ್ಟು ಉಳಿದವನ್ನು ವಾಪಸ್ ಬಿಡಿ ಎಂದಿತು. ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಕಡೆಯಿಂದ ತೆಗೆಯಲೇಬೇಕು ಎಂದಿತು. ನಾಯಿ ಕಚ್ಚಿ ಮಕ್ಕಳು ಸಾಯುವ ದೇಶದಲ್ಲಿ ಜನರ ಭಯವನ್ನು ನಾನು ಹಗುರ ಮಾಡುವುದಿಲ್ಲ. ಆದರೂ ಓಣಿಯೇ ಒಂದು ನಾಯಿಯ ಮನೆ ಆಗಬಹುದು ಎಂದು ಒಪ್ಪಿದ ನಮ್ಮ ರೀತಿಯಲ್ಲಿ ಒಂದು ದೊಡ್ಡತನ ಇದೆ. ಇಲ್ಲಿ ಬಂದ ಮೇಲೆ ನನಗೆ ಅದು ಇನ್ನೂ ಚೆನ್ನಾಗಿ ಕಾಣುತ್ತಿದೆ.

ತೊಂದರೆ ಇರುವುದು ಆ ನಾಯಿಗೆ ಪೆಟ್ಟಾದಾಗ. ಎಲ್ಲರ ನಾಯಿ, ಆದರೆ ಆಪರೇಷನ್ ಫಾರಂ ಮೇಲೆ ಸಹಿ ಹಾಕುವವರು ಯಾರೂ ಇಲ್ಲ.

ನನ್ನ ಚಿಕ್ಕಮ್ಮನ ಮಗಳು ಬೆಂಗಳೂರಿನಲ್ಲಿ ಇದನ್ನೇ ಅನುಭವಿಸಿದಳು. ಅವರ ಬಡಾವಣೆಯ ನಾಯಿಗೆ ಕಾರು ಗುದ್ದಿ ಸೊಂಟದ ಕೀಲು ಜಾರಿತ್ತು. ಒಂದು ಸಲ ಕೂರಿಸಿದರು, ಮತ್ತೆ ಜಾರಿತು. ಇಂಥದ್ದಕ್ಕೂ ಅದೇ ಎಫ್‌ಎಚ್‌ಒ ಮಾಡುತ್ತಾರೆ. ಆಪರೇಷನ್ನಿಗೆ ಅಲ್ಲಿ ಇಲ್ಲಿಗಿಂತ ಎಷ್ಟೋ ಕಡಿಮೆ ದುಡ್ಡು, ಅದೂ ಹೇಗೋ ಹೊಂದಿತು. ಗೆಳತಿಯರು ಹಾಕಿದರು, ದಿನಾ ಆ ನಾಯಿಗೆ ಹಾಲು ಹಾಕುತ್ತಿದ್ದ ಬೇಕರಿಯವರೂ ಕೊಟ್ಟರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಎಲ್ಲಿ ಇಡುವುದು? ಎರಡು ಮೂರು ಶೆಲ್ಟರ್‌ಗೆ ಫೋನ್ ಮಾಡಿದರೆ ಎಲ್ಲಾ ಕಡೆ ತುಂಬಿದೆ. ಹೊಲಿಗೆ ಹಾಕಿದ ನಾಯಿಯನ್ನು ರಸ್ತೆಗೆ ಬಿಡಲು ಆಗುವುದಿಲ್ಲ. ಅವಳ ಮನೆ ಮಾಲೀಕರು ಒಪ್ಪಲಿಲ್ಲ. ಪಕ್ಕದವರು, ಅಯ್ಯೋ ಪಾಪ ಎನ್ನುತ್ತಿದ್ದವರೇ, ಒಂದು ವಾರ ಇಟ್ಟುಕೊಳ್ಳಿ ಎಂದರೆ ಬಾಗಿಲು ಹಾಕಿಕೊಂಡರು. ಒಮ್ಮೆ ಒಳಗೆ ಬಿಟ್ಟುಕೊಂಡರೆ ನಮಗೇ ಗಂಟು ಬೀಳುತ್ತದೆ ಎಂಬ ಭಯ. ಆ ಭಯ ಸುಳ್ಳಲ್ಲ, ಯಾಕೆಂದರೆ ಹಾಗೆ ಗಂಟು ಬಿದ್ದವರು ಎಲ್ಲರಿಗೂ ಗೊತ್ತು.

ಎಫ್‌ಎಚ್‌ಒ ಆದ ನಾಯಿಗೆ ನಿಜವಾಗಿ ಬೇಕಾದ್ದು ಏನು ಅಂತ ಪೆನ್ನಿಯಿಂದ ನಮಗೆ ಗೊತ್ತಾಯಿತು. ಮೊದಲ ಕೆಲವು ದಿನ ಕಷ್ಟ. ನೋವಿನ ಮಾತ್ರೆ, ಹೊಲಿಗೆ ನೆಕ್ಕದ ಹಾಗೆ ಕುತ್ತಿಗೆಗೆ ಕೋನ್, ಎದ್ದು ನಿಲ್ಲಲು ಹೊಟ್ಟೆ ಕೆಳಗೆ ಟವೆಲ್ ಹಾಕಿ ಎತ್ತುವುದು. ಆಮೇಲೆ ವಿಚಿತ್ರ ಅನಿಸುವ ಹಾಗೆ ಡಾಕ್ಟರು ಹೇಳುತ್ತಾರೆ, ಸುಮ್ನೆ ಮಲಗಿಸಬೇಡಿ, ನಡೆಸಿ ಅಂತ. ಹೊಸ ಕೀಲು ಹಾಕಿಸಿಕೊಂಡ ನಾಯಿಯನ್ನು ವಾರಗಟ್ಟಲೆ ಕಟ್ಟಿಹಾಕಿದ ಹಾಗೆ ಜೋಪಾನ ಮಾಡಬೇಕು, ಇದು ಹಾಗಲ್ಲ. ಇಲ್ಲಿ ಕಾಲನ್ನು ಬಳಸಿದರೆ ಮಾತ್ರ ಸ್ನಾಯು ಬೆಳೆಯುತ್ತದೆ, ಬಳಸದಿದ್ದರೆ ಕಾಲು ಬಿಗಿದುಕೊಂಡುಬಿಡುತ್ತದೆ. ಹಗ್ಗ ಹಿಡಿದು ನಿಧಾನಕ್ಕೆ ಐದು ನಿಮಿಷ, ಬರುಬರುತ್ತಾ ಜಾಸ್ತಿ. ನಿಧಾನವಾಗಿ ನಡೆದರೆ ಕಾಲು ಊರಲೇಬೇಕಾಗುತ್ತದೆ, ಬೇಗ ಬಿಟ್ಟರೆ ಮೂರೇ ಕಾಲಲ್ಲಿ ಓಡುತ್ತದೆ. ದಿನಕ್ಕೆ ಕೆಲವು ಸಲ ಕಾಲನ್ನು ಮೆಲ್ಲಗೆ ಮಡಚಿ ಬಿಡಿಸುವುದು. ಕೂರು, ಏಳು, ಕೂರು, ಏಳು ಅಂತ ಅವ್ವ ಅದಕ್ಕೆ ಮಾಡಿಸುತ್ತಿದ್ದರು, ತಮ್ಮ ಮೊಣಕಾಲಿನ ವ್ಯಾಯಾಮವನ್ನೂ ಅದರ ಜೊತೆಗೇ ಮುಗಿಸುತ್ತಿದ್ದರು. ನೆಲ ಜಾರಬಾರದು, ಇದು ಬಹಳ ಮುಖ್ಯ. ನಮ್ಮೂರಿನ ಟೈಲ್ಸ್ ನೆಲದ ಮೇಲೆ ಹಳೆಯ ಜಮಖಾನೆಗಳನ್ನು ಸಾಲಾಗಿ ಹಾಸಿದರೆ ಸಾಕು. ಊಟಕ್ಕೆ ಅನ್ನ ಮೊಸರು ಆದೀತು, ಈರುಳ್ಳಿ ಹಾಕಿದ ಸಾರು ಬೇಡ, ಅದು ನಾಯಿಗೆ ಆಗುವುದಿಲ್ಲ. ತೂಕ ಏರಬಾರದು.

ಇದರಲ್ಲಿ ಅಮೆರಿಕದಲ್ಲಿ ಮಾತ್ರ ಆಗುವಂಥದ್ದು ಏನಿದೆ? ಏನೂ ಇಲ್ಲ. ಇಲ್ಲಿ ನೀರೊಳಗೆ ನಡೆಸುವ ಟ್ರೆಡ್‌ಮಿಲ್ ಇದೆ, ಒಳ್ಳೆಯದೇ, ಆದರೆ ಅದಿಲ್ಲದೆಯೂ ನಡೆಯುತ್ತದೆ. ಬೇಕಾದ್ದು ಸುಮಾರು ಆರು ವಾರ ಒಂದು ಮನೆಯ ಮೂಲೆ. ಅಷ್ಟೇ.

ಆದ್ದರಿಂದ ನನ್ನ ಮಾತು ಇದು. ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ಪ್ರಾಣಿದಯಾ ಗುಂಪಿನವರು ದತ್ತು ತಗೊಳ್ಳಿ ಎಂದು ಕೇಳುವುದರ ಜೊತೆಗೆ ಆರು ವಾರ ಇಟ್ಟುಕೊಳ್ಳಿ ಎಂದೂ ಕೇಳಬೇಕು, ಮತ್ತು ಕಾಗದದ ಮೇಲೆ ಬರೆದು ಕೇಳಬೇಕು. ಬಿಲ್ಲು ಯಾರದು, ರಾತ್ರಿ ಹನ್ನೊಂದಕ್ಕೆ ಹೊಲಿಗೆ ಬಿಚ್ಚಿಕೊಂಡರೆ ಯಾರಿಗೆ ಫೋನ್ ಮಾಡಬೇಕು, ಯಾವ ತಾರೀಕಿಗೆ ವಾಪಸ್ ಒಯ್ಯುತ್ತಾರೆ, ಮಧ್ಯದಲ್ಲಿ ಆಗದಿದ್ದರೆ ಮುಂದಿನ ಮನೆ ಯಾವುದು. ಫಾಸ್ಟರ್ ಎನ್ನುವುದು ಬೆಂಗಳೂರಿಗೆ ಹೊಸದಲ್ಲ, ನನಗೆ ಗೊತ್ತು. ಸಾಮಾಜಿಕ ಜಾಲತಾಣದಲ್ಲಿ ದಿನಾ ಮನವಿ ನೋಡುತ್ತೇನೆ. ಆದರೆ ಅವುಗಳಲ್ಲಿ ಕೊನೆಯ ತಾರೀಕು ಇರುವುದಿಲ್ಲ. ಕೊನೆಯ ತಾರೀಕು ಇಲ್ಲದ ಮನವಿಗೆ ಸಂಸಾರಸ್ಥರು ಹೇಗೆ ಹೂಂ ಅಂತಾರೆ?

ಮತ್ತೆ ನಮಗೆ ಇಲ್ಲಿನವರಿಗಿಂತ ಒಂದು ಅನುಕೂಲ ಜಾಸ್ತಿ ಇದೆ. ಪೆನ್ನಿಗೆ ದತ್ತು ಮನೆ ಸಿಗದಿದ್ದರೆ ಅದಕ್ಕೆ ಹೋಗಲು ಜಾಗವೇ ಇಲ್ಲ. ತಿಂಗಳುಗಟ್ಟಲೆ ಕಾಯಬೇಕು, ನಾವೂ ಕಾಯುತ್ತಿದ್ದೇವೆ. ನಮ್ಮ ಓಣಿಯ ನಾಯಿಗೆ ಓಣಿ ಇದೆ. ಕಾಲು ಗಟ್ಟಿಯಾದ ಮೇಲೆ, ಸಂತಾನಹರಣ, ಲಸಿಕೆ ಆಗಿದ್ದರೆ, ಅದು ತನ್ನ ಬೇಕರಿ ಮುಂದೆ ವಾಪಸ್ ಹೋಗಬಹುದು, ಕಾನೂನೇ ಒಪ್ಪುತ್ತದೆ. ಎಲ್ಲಾ ನಾಯಿಗೂ ಇದು ಆಗುವುದಿಲ್ಲ, ತೀರಾ ಕುಂಟುವ ನಾಯಿಗೆ ಟ್ರಾಫಿಕ್‌ನಲ್ಲಿ ಉಳಿಗಾಲ ಇಲ್ಲ, ಅಂಥವಕ್ಕೆ ಮನೆಯೇ ಬೇಕು. ಯಾರೋ ಮನೆಯಲ್ಲಿ ಸಾಕಿ ಆಮೇಲೆ ರಿಂಗ್ ರೋಡಿನಲ್ಲಿ ಬಿಟ್ಟು ಹೋದ ಲ್ಯಾಬ್ರಡಾರ್‌ಗೂ ಬೀದಿ ಗೊತ್ತಿಲ್ಲ.

ಆ ಬಗ್ಗೆಯೂ ಒಂದು ಮಾತು. ಮರಿ ಕೊಳ್ಳುವವರು ತಂದೆತಾಯಿ ನಾಯಿಗಳ ಸೊಂಟದ ಎಕ್ಸ್‌ರೇ ಕೇಳಿ. ಅಮೆರಿಕದಲ್ಲಿ ಒಎಫ್‌ಎ ಎಂಬ ಸಂಸ್ಥೆ 1966ರಿಂದ ಈ ಎಕ್ಸ್‌ರೇ ನೋಡಿ ದರ್ಜೆ ಕೊಡುತ್ತಿದೆ, ಪ್ರಕಟಿಸಿದ ಫಲಿತಾಂಶವನ್ನು ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ 2017ರ ನಿಯಮದ ಪ್ರಕಾರ ಬ್ರೀಡರ್‌ಗಳು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಅದನ್ನಾದರೂ ಕೇಳಿ. ಪೇಪರ್ ಇದೆ ಸಾರ್ ಎಂದರೆ ಯಾವ ಪೇಪರ್ ಎಂದು ಕೇಳಿ.

“ಮನುಷ್ಯರಿಗೇ ಆಸ್ಪತ್ರೆಗೆ ಗತಿಯಿಲ್ಲ, ನಾಯಿಗೆ ಇಷ್ಟು ದುಡ್ಡಾ?” ಎಂದು ನಮ್ಮ ಸೋದರಮಾವ ಫೋನಿನಲ್ಲಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನಾನು ಹೇಳಿದ್ದು, ಮಾಮಾ, ನಾನು ಕೇಳುತ್ತಿರುವುದು ದುಡ್ಡಲ್ಲ. ನಿಮ್ಮ ಹಿತ್ತಲಿನ ಶೆಡ್ಡು ಖಾಲಿ ಇದೆ, ತಂಗಿ ಕರೆ ಮಾಡಿದರೆ ಒಂದೂವರೆ ತಿಂಗಳು ಕೊಡಿ, ಊಟ ಔಷಧಿ ಅವರದು. ತಾರೀಕು ಬರೆದುಕೊಡ್ತಾರಾ ಎಂದು ಕೇಳಿದರು. ಬರೆಸಿಕೊಡುತ್ತೇನೆ ಎಂದೆ. ಹಾಗಾದರೆ ನೋಡೋಣ ಎಂದಿದ್ದಾರೆ.